ಸತ್ತವರ ಹಾಜರಿ

ಒಂದು ಉಕ್ಕಿನ ಉಂಗುರದಿಂದ ಶುರುಮಾಡುತ್ತೇನೆ. ಹಳೇ ವಸ್ತುಗಳನ್ನು ಕೂಡಿಡುವ ಇಟಲಿಯವರ ಬಳಿ ಇವತ್ತಿಗೂ ನೋಡಸಿಗುವ ಉಂಗುರ ಅದು. ಬೂದು ಬಣ್ಣ, ಹರಳಿಲ್ಲ, ಹೊಳಪಿಲ್ಲ. ಒಳಮೈಯಲ್ಲಿ ಸಣ್ಣ ಅಕ್ಷರಗಳ ಒಂದೇ ಸಾಲು: 'ತಾಯ್ನಾಡಿಗೆ ಚಿನ್ನ, 18 ನವೆಂಬರ್, 14'. ಕೊನೆಯ 14 ರೋಮನ್ ಅಂಕಿಯಲ್ಲಿದೆ. ಫ್ಯಾಸಿಸ್ಟ್ ಆಡಳಿತವೊಂದು ಹಬ್ಬ, ಸ್ಮಾರಕ, ಕಲೆ, ಕ್ಯಾಲೆಂಡರ್‌ಗಳನ್ನು ಹಿಡಿದು ತನ್ನ ಪುರಾಣವನ್ನು ಕಟ್ಟಿಕೊಳ್ಳುವುದು ಹೇಗೆ ಎಂದು ಕೇಳುವವರಿಗೆ ಈ ಸಾಲನ್ನು ಒಂದೊಂದೇ ಪದವಾಗಿ ಬಿಡಿಸಿ ತೋರಿಸಬಹುದು.

ಉಂಗುರ ಹುಟ್ಟಿದ್ದು ಹೀಗೆ. 1935ರ ಡಿಸೆಂಬರ್ 18ರಂದು ರೋಮ್ ನಗರದ ನಡುವೆ, ಅಜ್ಞಾತ ಯೋಧನ ಸಮಾಧಿಯಿರುವ ದೊಡ್ಡ ಬಿಳಿ ಸ್ಮಾರಕದ ಮುಂದೆ, ಇಟಲಿಯ ರಾಣಿ ಎಲೆನಾ ತನ್ನ ಮದುವೆಯ ಉಂಗುರ ಕಳಚಿ ಅರ್ಪಿಸಿದಳು. ಅವಳ ಹಿಂದೆ ಯುದ್ಧದಲ್ಲಿ ಗಂಡನನ್ನು, ಮಗನನ್ನು ಕಳೆದುಕೊಂಡ ಹೆಂಗಸರ ಸಾಲು. ಚಿನ್ನದ ಉಂಗುರ ಕೊಟ್ಟವಳಿಗೆ ಬದಲಿಗೆ ಉಕ್ಕಿನದು. ಆ ದಿನ ರೋಮ್ ಒಂದರಲ್ಲೇ ಸುಮಾರು 2.5 ಲಕ್ಷ ಉಂಗುರಗಳು ಸೇರಿದವು. ದೇಶದ ಊರೂರುಗಳಲ್ಲೂ ಇದೇ ನಡೆಯಿತು. ನಾಟಕಕಾರ ಲೂಯಿಜಿ ಪಿರಾಂದೆಲ್ಲೊ ಹಿಂದಿನ ವರ್ಷವಷ್ಟೇ ಬಂದಿದ್ದ ತನ್ನ ನೊಬೆಲ್ ಪದಕವನ್ನೇ ಕೊಟ್ಟುಬಿಟ್ಟ. ಆ ದಿನಕ್ಕೆ ಇಟ್ಟ ಹೆಸರು 'ಫೆದೆ'ಯ ದಿನ. ಇಟಾಲಿಯನ್ ಭಾಷೆಯಲ್ಲಿ ಫೆದೆ ಎಂದರೆ ನಂಬಿಕೆ. ಮದುವೆಯ ಉಂಗುರಕ್ಕೂ ಅದೇ ಹೆಸರು. ನಮ್ಮಲ್ಲಿ ತಾಳಿಗಿರುವ ಸ್ಥಾನ ಅಲ್ಲಿ ಆ ಉಂಗುರಕ್ಕೆ. ಗಂಡ ತೊಡಿಸಿದ್ದನ್ನು ತೆಗೆದು ಸರ್ಕಾರ ಕೊಟ್ಟಿದ್ದನ್ನು ತೊಟ್ಟುಕೊಂಡ ಹೆಣ್ಣುಮಗಳು ಅದನ್ನು ಹಿಟ್ಟು ನಾದುವಾಗ, ಬಟ್ಟೆ ಒಗೆಯುವಾಗ, ಮಗುವಿನ ತಲೆ ಸವರುವಾಗ ನೋಡುತ್ತಲೇ ಇರಬೇಕು. ಪಾರ್ಟಿಯ ಭಾಷಣ ಸಂಜೆಗೆ ಮರೆತುಹೋಗುತ್ತದೆ. ಬೆರಳಲ್ಲಿರುವುದು ಮರೆಯುವುದಿಲ್ಲ.

ನಾಡಿಗಾಗಿ ಒಡವೆ ಕೊಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. 1962ರಲ್ಲಿ ಚೀನಾ ಯುದ್ಧವಾದಾಗ ನಮ್ಮ ಹೆಂಗಸರೂ ಬಳೆ, ಸರ ಬಿಚ್ಚಿಕೊಟ್ಟಿದ್ದರು. ಆ ತ್ಯಾಗದ ಮುಂದೆ ತಲೆ ಬಾಗುತ್ತೇನೆ. ವ್ಯತ್ಯಾಸ ಇರುವುದು ಉಂಗುರದ ಮೇಲಿನ ತಾರೀಖಿನಲ್ಲಿ. ಕೊಟ್ಟದ್ದು ಡಿಸೆಂಬರ್ 18ಕ್ಕೆ, ಕೊರೆದದ್ದು ನವೆಂಬರ್ 18. ಏಕೆಂದರೆ ಇಥಿಯೋಪಿಯಾ ಮೇಲೆ ದಾಳಿ ಮಾಡಿದ್ದಕ್ಕೆ ರಾಷ್ಟ್ರಗಳ ಒಕ್ಕೂಟ ಇಟಲಿಯ ಮೇಲೆ ಹಾಕಿದ ಆರ್ಥಿಕ ನಿರ್ಬಂಧ ಜಾರಿಗೆ ಬಂದದ್ದು ನವೆಂಬರ್ 18ರಂದು. ದಾಳಿ ಶುರುವಾಗಿದ್ದು ಅಕ್ಟೋಬರ್ 3ಕ್ಕೆ. ಆ ತಾರೀಖು ಉಂಗುರದ ಮೇಲಿಲ್ಲ. ತಾನು ಇನ್ನೊಬ್ಬರ ಮನೆಗೆ ನುಗ್ಗಿದ ದಿನವನ್ನು ಅಳಿಸಿ, ಅದಕ್ಕಾಗಿ ಬೈಸಿಕೊಂಡ ದಿನವನ್ನು ಮಾತ್ರ ಉಳಿಸಿಕೊಂಡರೆ ನುಗ್ಗಿದವನೇ ನೊಂದವನಾಗಿಬಿಡುತ್ತಾನೆ. ಇದು ಸಾಲದೆಂಬಂತೆ, ನಮ್ಮನ್ನು ಜಗತ್ತೇ ಮುತ್ತಿಗೆ ಹಾಕಿದೆ ಎಂದು ಸಾರುವ ಅದೇ ತಾರೀಖಿನ ಕಲ್ಲಿನ ಫಲಕಗಳನ್ನು ಇಟಲಿಯ ಪುರಸಭೆ ಕಟ್ಟಡಗಳಿಗೆಲ್ಲ ಹಾಕಿಸಲಾಯಿತು. ತೆರಿಗೆ ಕಟ್ಟಲು, ಜನನ ಬರೆಸಲು ಹೋದವರು ನಿತ್ಯ ಅದನ್ನು ಓದಿಕೊಂಡು ಒಳಗೆ ಹೋಗಬೇಕಿತ್ತು.

ಇನ್ನು ಆ 14. ಅದು ಫ್ಯಾಸಿಸ್ಟ್ ಶಕೆಯ ವರ್ಷ. ಕ್ರಿಸ್ತ ಹುಟ್ಟಿದಂದಿನಿಂದ ಎಣಿಸುವ ಲೆಕ್ಕದ ಪಕ್ಕದಲ್ಲಿ, ಮುಸೊಲಿನಿ ಅಧಿಕಾರ ಹಿಡಿದ 1922ರ ಅಕ್ಟೋಬರ್ ಕೊನೆಯಿಂದ ಎಣಿಸುವ ಹೊಸ ಲೆಕ್ಕ. 1927ರಿಂದ ಸರ್ಕಾರಿ ಕಾಗದಪತ್ರಗಳಲ್ಲಿ ಇದನ್ನು ಬರೆಯುವುದು ಕಡ್ಡಾಯವಾಯಿತು. ವರ್ಷ ಬದಲಾಗುವುದೂ ಜನವರಿಯಲ್ಲಲ್ಲ, ಅಕ್ಟೋಬರ್ ಕೊನೆಯಲ್ಲಿ. ಶಕೆ ಶುರುಮಾಡುವಷ್ಟು ದೊಡ್ಡದೇನು ನಡೆದಿತ್ತು ಅಂದು?

'ರೋಮ್ ಮೇಲೆ ನಡಿಗೆ' ಎಂದು ಹೆಸರಾದ ಆ ಘಟನೆಯಲ್ಲಿ ಫ್ಯಾಸಿಸ್ಟ್ ಪಾರ್ಟಿಯ ಸುಮಾರು 25ರಿಂದ 30 ಸಾವಿರ ಕರಿಯಂಗಿ ಕಾರ್ಯಕರ್ತರು ಮಳೆಯಲ್ಲಿ ನೆನೆಯುತ್ತಾ ರೋಮ್ ಸುತ್ತ ನೆರೆದಿದ್ದರು. ಆಯುಧವೂ ಸರಿಯಾಗಿರಲಿಲ್ಲ, ಊಟವೂ ಸರಿಯಾಗಿರಲಿಲ್ಲ. ಸೈನ್ಯ ಅಡ್ಡ ನಿಂತಿದ್ದರೆ ಚದುರಿಹೋಗುತ್ತಿದ್ದರು. ಪ್ರಧಾನಿ ಲೂಯಿಜಿ ಫಾಕ್ತಾ ತುರ್ತು ಸ್ಥಿತಿ ಘೋಷಿಸುವ ಆದೇಶವನ್ನು ಸಿದ್ಧಮಾಡಿಕೊಂಡು ಹೋದ. ಅಕ್ಟೋಬರ್ 28ರ ಬೆಳಿಗ್ಗೆ ದೊರೆ ಮೂರನೇ ವಿಕ್ಟರ್ ಇಮ್ಯಾನುಯೆಲ್ ಸಹಿ ಹಾಕಲಿಲ್ಲ. ಮುಸೊಲಿನಿ ಆ ಹೊತ್ತಿನಲ್ಲಿ ದೂರದ ಮಿಲಾನ್‌ನಲ್ಲಿದ್ದ. ಸರ್ಕಾರ ರಚಿಸಲು ಬಾ ಎಂಬ ಕರೆ ಬಂದ ಮೇಲೆ ರಾತ್ರಿ ರೈಲು ಹತ್ತಿ 30ರ ಬೆಳಿಗ್ಗೆ ರೋಮ್‌ಗೆ ಬಂದಿಳಿದ. ಕರಿಯಂಗಿಯವರ ಮೆರವಣಿಗೆ ನಡೆದದ್ದು ಅವನು ಪ್ರಧಾನಿಯಾದ ಮೇಲೆ. ಅಂದರೆ ಕೋಟೆ ಬಿದ್ದದ್ದು ಒಳಗಿನವರು ಚಿಲಕ ತೆಗೆದದ್ದರಿಂದ. ಆದರೆ ರಾಜ ಹೆದರಿ ಸಹಿ ಹಾಕಲಿಲ್ಲ ಎಂಬುದರ ಮೇಲೆ ಶಕೆ ಆರಂಭಿಸಲು ಆಗುವುದಿಲ್ಲ. ಹಾಗಾಗಿ ಅದೇ ವರ್ಷದ ನವೆಂಬರ್‌ನಲ್ಲಿ ಸಂಸತ್ತಿನಲ್ಲಿ ಮುಸೊಲಿನಿಯ ಬಾಯಲ್ಲಿ 30 ಸಾವಿರ ಹೋಗಿ 3 ಲಕ್ಷವಾಯಿತು. ಕ್ರಾಂತಿಗಾಗಿ ಪ್ರಾಣ ಕೊಟ್ಟವರು 3 ಸಾವಿರ ಎಂಬ ಮಾತೂ ಹಬ್ಬಿತು.

ಸುಳ್ಳು ಹೇಳುವುದು ಸುಲಭ. ಅದನ್ನು ನಂಬಿಸಲು ಜನ ಅದನ್ನು ವರ್ಷಕ್ಕೊಮ್ಮೆ ಮೈಯಿಂದ ಆಚರಿಸುವಂತೆ ಮಾಡಬೇಕು. ಅಕ್ಟೋಬರ್ 28 ರಜೆಯ ದಿನವಾಯಿತು. ಕಾರ್ಮಿಕರ ಮೇ 1 ಅನ್ನು ಪಂಚಾಂಗದಿಂದ ಕಿತ್ತು, ರೋಮ್ ನಗರ ಹುಟ್ಟಿದ ದಿನವೆನ್ನುವ ಏಪ್ರಿಲ್ 21ನ್ನೇ ದುಡಿಮೆಯ ಹಬ್ಬ ಮಾಡಿದರು. 1929ರಲ್ಲಿ ಪೋಪ್ ಜೊತೆ ಒಪ್ಪಂದವಾದ ಮೇಲೆ, ಪೋಪ್‌ನ ಕೈಯಿಂದ ರೋಮ್ ಬಿಡಿಸಿಕೊಂಡ ನೆನಪಿನ ಸೆಪ್ಟೆಂಬರ್ 20ರ ರಜೆಯೂ ಹೋಯಿತು. ಯಾವ ದಿನ ಬಿಡುವು, ಯಾವ ದಿನ ಕೆಲಸ ಎಂಬುದು ಮನೆಮನೆಯ ಒಲೆಯವರೆಗೂ ತಲುಪುವ ವಿಷಯ. ಮೇ 1ಕ್ಕೆ ಕೆಂಪು ಟೈ ಕಟ್ಟಿಕೊಂಡ ಕೂಲಿಯವನನ್ನು ಪೊಲೀಸರು ಎಳೆದೊಯ್ಯುತ್ತಿದ್ದ ಕಾಲದಲ್ಲಿ ಪಂಚಾಂಗವೇ ಕಾನೂನು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಲಕ್ಷಾಂತರ ಜನ ಕಣ್ಣೀರಿಟ್ಟು ಉಂಗುರ ಕೊಟ್ಟದ್ದು ಬರೀ ಭಯದಿಂದಲೇ? ಹಾಗೆಂದು ನನಗೆ ಅನ್ನಿಸುವುದಿಲ್ಲ. ರಾಣಿ ಉಂಗುರ ಅರ್ಪಿಸಿದ ಆ ಅಜ್ಞಾತ ಯೋಧನ ಸಮಾಧಿಯ ಕಥೆ ನೋಡಿ. ಅದನ್ನು ಕಟ್ಟಿದ್ದು ಫ್ಯಾಸಿಸ್ಟರಲ್ಲ. ಮೊದಲ ಮಹಾಯುದ್ಧದಲ್ಲಿ ಇಟಲಿಯ 6 ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಎಷ್ಟೋ ಮಂದಿಯ ಗುರುತೇ ಸಿಗಲಿಲ್ಲ. 1921ರ ಅಕ್ಟೋಬರ್ 28ರಂದು, ಆಕ್ವಿಲೇಯಾದ ಹಳೇ ಚರ್ಚಿನಲ್ಲಿ, ಗುರುತು ಸಿಗದ 11 ಶವಪೆಟ್ಟಿಗೆಗಳನ್ನು ಸಾಲಾಗಿ ಇರಿಸಿದ್ದರು. ಮಗನ ಹೆಣವನ್ನೂ ನೋಡಲಾಗದ ತಾಯಿ ಮಾರಿಯಾ ಬೆರ್ಗಾಮಾಸ್ ಅವುಗಳಲ್ಲಿ ಒಂದನ್ನು ಆರಿಸಬೇಕಿತ್ತು. ಅವಳು ಪೆಟ್ಟಿಗೆಗಳ ಮುಂದೆ ನಡೆಯುತ್ತಾ ಹೋಗಿ, ಕಡೆಯ ಪೆಟ್ಟಿಗೆಯನ್ನು ಮುಟ್ಟುವ ಮೊದಲೇ ಮಗನ ಹೆಸರು ಕೂಗಿ ಕುಸಿದುಬಿದ್ದಳು. ಆ ಪೆಟ್ಟಿಗೆಯನ್ನು ಹೊತ್ತ ರೈಲು ನಿಧಾನವಾಗಿ ರೋಮ್‌ನತ್ತ ಸಾಗಿತು. ಹಳಿಯ ಎರಡೂ ಬದಿ ಹಳ್ಳಿಯ ಜನ ಮಂಡಿಯೂರಿದ್ದರು. ಆ ಪೆಟ್ಟಿಗೆಯಲ್ಲಿ ತನ್ನ ಮಗನೇ ಇರಬಹುದು ಎಂದುಕೊಂಡ ತಾಯಂದಿರು ಆ ಗುಂಪಿನಲ್ಲಿ ಎಷ್ಟಿದ್ದರೋ. ನವೆಂಬರ್ 4ರಂದು ರೋಮ್‌ನಲ್ಲಿ ಮಣ್ಣಾಯಿತು.

ಇದರಷ್ಟು ನಿಜವಾದ ದುಃಖ ಇನ್ನೊಂದಿರಲಾರದು. ಒಂದು ವರ್ಷ ಕಳೆಯುವಷ್ಟರಲ್ಲಿ ಅಧಿಕಾರಕ್ಕೆ ಬಂದ ಮುಸೊಲಿನಿ ಇದೇ ಸಮಾಧಿಯ ಮುಂದೆ ಮಂಡಿಯೂರಿದ. ನನ್ನ ಓದಿನಲ್ಲಿ ಈ ಇಡೀ ವಿಷಯದ ಗಂಟು ಇಲ್ಲಿದೆ. ರಾಜಕೀಯ ಪುರಾಣ ಬರಿಗೈಯಿಂದ ಹುಟ್ಟುವುದಿಲ್ಲ. ಜನರ ಮನೆಯಲ್ಲಿ ಮೊದಲೇ ಇರುವ ಶೋಕವನ್ನು, ಹೆಮ್ಮೆಯನ್ನು, ದೇವರ ಮುಂದಿನ ನಡವಳಿಕೆಯನ್ನು ಎತ್ತಿಕೊಂಡು, ತನಗೆ ಬೇಡದ್ದನ್ನು ಕತ್ತರಿಸಿ, ತನ್ನ ಮುದ್ರೆ ಒತ್ತಿ ಅವರಿಗೇ ಹಿಂದಿರುಗಿಸುತ್ತದೆ. ಮಕ್ಕಳ ವಿಷಯದಲ್ಲೂ ಹಾಗೇ ಆಯಿತು. 1746ರಲ್ಲಿ ಜಿನೋವಾ ನಗರದಲ್ಲಿ ಆಸ್ಟ್ರಿಯಾದ ಸೈನಿಕರ ಮೇಲೆ ಕಲ್ಲು ಬೀಸಿದನೆಂದು ಹೇಳುವ ಬಾಲಿಲ್ಲಾ ಎಂಬ ಹುಡುಗನನ್ನು ಇಟಲಿಯ ಜನ ಮೊದಲಿಂದಲೂ ಪ್ರೀತಿಸುತ್ತಿದ್ದರು. 1926ರಲ್ಲಿ ಅವನ ಹೆಸರಿನಲ್ಲೇ ಸರ್ಕಾರ ಮಕ್ಕಳ ಸಂಘಟನೆ ಕಟ್ಟಿತು. ದಬ್ಬಾಳಿಕೆಗೆ ಕಲ್ಲೆಸೆದ ಹುಡುಗ, ಕರಿಯಂಗಿ ತೊಟ್ಟು ಸಾಲಾಗಿ ನಿಂತು ಸೆಲ್ಯೂಟ್ ಹೊಡೆಯುವ ಹುಡುಗನಾದ.

ಕತ್ತಲೆಯ ಕೋಣೆ

ಅಧಿಕಾರಕ್ಕೆ ಬಂದು ಹತ್ತು ವರ್ಷವಾದಾಗ, 1932ರ ಅಕ್ಟೋಬರ್ 28ಕ್ಕೆ, ರೋಮ್‌ನ ನಾತ್ಸಿಯೊನಾಲೆ ಬೀದಿಯಲ್ಲಿ 'ಫ್ಯಾಸಿಸ್ಟ್ ಕ್ರಾಂತಿಯ ಪ್ರದರ್ಶನ' ತೆರೆಯಿತು. ಹಳೇ ಕಾಲದ ಚಿತ್ತಾರದ ಪ್ರದರ್ಶನ ಭವನದ ಮುಂಭಾಗವನ್ನು ಪೂರ್ತಿ ಮುಚ್ಚಿ, ಕೆಂಪು ಗೋಡೆಯೆಬ್ಬಿಸಿ, ಅದರ ಮುಂದೆ ಸುಮಾರು 25 ಮೀಟರ್ ಎತ್ತರದ ನಾಲ್ಕು ಲೋಹದ ಕಂಬ ನಿಲ್ಲಿಸಿದರು. ಅವು ಫ್ಯಾಸಿಸ್ಟರ ಲಾಂಛನ: ಕೋಲುಗಳ ಕಟ್ಟಿನ ನಡುವೆ ಕೊಡಲಿ. ಒಳಗೆ 1914ರಿಂದ 1922ರವರೆಗಿನ ಇತಿಹಾಸ ಒಂದೊಂದು ಕೋಣೆಯಾಗಿ ಸಾಗುತ್ತಿತ್ತು. ಪತ್ರಿಕೆಯ ತುಣುಕು, ರಕ್ತದ ಕಲೆಯ ಅಂಗಿ, ಬಾವುಟ, ಪತ್ರ, ಫೋಟೊ. ಎಲ್ಲವೂ ಅಸಲಿ ವಸ್ತುಗಳು. ಅವುಗಳನ್ನು ಜೋಡಿಸಿದ ಕ್ರಮದಲ್ಲಿ ಮಾತ್ರ ಸುಳ್ಳಿತ್ತು: ಮೊದಲ ಕೋಣೆಗಳಲ್ಲಿ ದೇಶ ಕೆಟ್ಟು ಕುಸಿಯುತ್ತಿದೆ, ಗೋಡೆಗಳೂ ಓರೆಯಾಗಿ ಮೈಮೇಲೆ ಬೀಳುವಂತಿವೆ, ಮುಂದೆ ಹೋದಂತೆ ಗೆರೆಗಳು ನೆಟ್ಟಗಾಗುತ್ತವೆ, ಗೊಂದಲ ಕರಗುತ್ತದೆ. ನೋಡುವವನ ಕಾಲೇ ಅವನನ್ನು ಒಂದು ತೀರ್ಮಾನಕ್ಕೆ ನಡೆಸಿಕೊಂಡು ಹೋಗುತ್ತದೆ.

ಇದನ್ನು ಮಾಡಿದವರು ಅಡ್ಡಕಸುಬಿಗಳಲ್ಲ ಎಂಬುದನ್ನು ನೋವಿನಿಂದಲೇ ಹೇಳಬೇಕು. ವಾಸ್ತುಶಿಲ್ಪಿ ಜುಸೆಪ್ಪೆ ತೆರಾನ್ಯಿ, ಚಿತ್ರಕಾರ ಮಾರಿಯೊ ಸಿರೋನಿ ಆ ತಲೆಮಾರಿನ ದೊಡ್ಡ ಪ್ರತಿಭೆಗಳು. 1922ರ ಕೋಣೆಯಲ್ಲಿ ತೆರಾನ್ಯಿ ಗೋಡೆಯಿಂದ ಚಾಚಿದ ನೂರಾರು ಕೈಗಳನ್ನು ಮಾಡಿಸಿದ್ದ. ಯಂತ್ರದ ಚಕ್ರದಂತೆ ಸುತ್ತುವ ಜನಸಮೂಹದಿಂದ ಅವು ಒಂದೇ ದಿಕ್ಕಿಗೆ ಏಳುತ್ತಿದ್ದವು. ಇವತ್ತು ಫೋಟೊದಲ್ಲಿ ನೋಡಿದರೂ ಮೈ ಜುಮ್ಮೆನ್ನುತ್ತದೆ. ಒಳ್ಳೆಯ ಕಲೆ ಒಳ್ಳೆಯ ಕಡೆಯೇ ಇರುತ್ತದೆ ಎಂದು ನಂಬಿಕೊಂಡವರು ಆ ಫೋಟೊವನ್ನು ಒಮ್ಮೆ ನೋಡಬೇಕು.

ಕೊನೆಯಲ್ಲಿ ಹುತಾತ್ಮರ ಗುಡಿ. ಅದಾಲ್ಬೆರ್ತೊ ಲಿಬೆರಾ ಮತ್ತು ಆಂತೋನಿಯೊ ವಾಲೆಂತೆ ಸೇರಿ ಮಾಡಿದ್ದು. ದುಂಡನೆಯ ಕೋಣೆ, ಕತ್ತಲೆ. ನಡುವೆ ರಕ್ತಗೆಂಪಿನ ಪೀಠದ ಮೇಲೆ ಸುಮಾರು 7 ಮೀಟರ್ ಎತ್ತರದ ಲೋಹದ ಶಿಲುಬೆ. ಸುತ್ತ ಗೋಡೆಯ ಮೇಲೆ, ಸಾಲು ಸಾಲಾಗಿ, ಒಳಗಿನ ಬೆಳಕಿನಿಂದ ಹೊಳೆಯುವ ಒಂದೇ ಪದ: 'ಪ್ರೆಸೆಂತೆ'. ಎಲ್ಲಿಂದಲೋ ಮೆಲ್ಲಗೆ ಕೇಳಿಬರುವ ಪಾರ್ಟಿಯ ಹಾಡು. ಪ್ರೆಸೆಂತೆ ಎಂದರೆ ನಮ್ಮ ಶಾಲೆಯ 'ಹಾಜರ್'. ಫ್ಯಾಸಿಸ್ಟರ ಶವಸಂಸ್ಕಾರಗಳಲ್ಲಿ ಸತ್ತವನ ಹೆಸರನ್ನು ಗಟ್ಟಿಯಾಗಿ ಕರೆಯುತ್ತಿದ್ದರು. ಮಂಡಿಯೂರಿದ ಗುಂಪು ಅವನ ಪರವಾಗಿ ಒಕ್ಕೊರಲಿನಿಂದ 'ಹಾಜರ್' ಎನ್ನುತ್ತಿತ್ತು. ಸತ್ತವನು ಸತ್ತಿಲ್ಲ, ಪಡೆಯಲ್ಲೇ ಇದ್ದಾನೆ, ಅಪ್ಪಣೆಗೆ ಕಾಯುತ್ತಿದ್ದಾನೆ ಎಂದು ಅದರ ಅರ್ಥ. ಸತ್ತವನಿಗೆ ಬಿಡುಗಡೆಯಿಲ್ಲ; ಬದುಕಿರುವವನಿಗೆ ಇನ್ನೆಲ್ಲಿಯದು?

ಎರಡು ವರ್ಷದಲ್ಲಿ 40 ಲಕ್ಷಕ್ಕೆ ಹತ್ತಿರದಷ್ಟು ಜನ ಇದನ್ನು ನೋಡಿದರು. ಎಲ್ಲರೂ ಭಕ್ತಿಯಿಂದ ಬಂದವರಲ್ಲ. ಪ್ರದರ್ಶನದ ನೆಪದಲ್ಲಿ ರೈಲ್ವೆ ಟಿಕೆಟ್ಟಿನ ಮೇಲೆ 70% ರಿಯಾಯಿತಿ ಇತ್ತು; ಫ್ರೆಂಚ್ ಲೇಖಕರಾದ ಸಾರ್ತ್ರ್ ಮತ್ತು ಸಿಮೋನ್ ದ ಬೊವಾ ಕೂಡ 1933ರಲ್ಲಿ ಆ ರಿಯಾಯಿತಿ ಹಿಡಿದೇ ಇಟಲಿ ಸುತ್ತಿದರು. ಆಡಳಿತಕ್ಕೆ ಅದರಿಂದ ನಷ್ಟವೇನೂ ಇರಲಿಲ್ಲ. ಬಂದವರ ತಲೆ ಎಣಿಸಿದರೆ ಸಾಕು, ಮನಸ್ಸು ಎಣಿಸಬೇಕಾಗಿರಲಿಲ್ಲ. ತುಂಬಿದ ಮೈದಾನದ ಫೋಟೊ ನೋಡಿ ಜನಬೆಂಬಲ ಅಳೆಯುವವರು ಆ ಮೈದಾನಕ್ಕೆ ಬಸ್ ಕಳಿಸಿದವರಾರು ಎಂದೂ ಕೇಳಬೇಕಾಗುತ್ತದೆ.

ಎರಡು ಗುಡ್ಡಗಳು

ಇಟಲಿಯ ಈಶಾನ್ಯ ಮೂಲೆಯಲ್ಲಿ ರೆದಿಪುಲ್ಯಾ ಎಂಬ ಊರಿದೆ. ಮಹಾಯುದ್ಧದಲ್ಲಿ ಇಸೊಂಜೊ ನದಿಯ ಪ್ರಾಂತದಲ್ಲಿ ಹನ್ನೆರಡು ಕದನಗಳು ನಡೆದವು. ಸುಣ್ಣಕಲ್ಲಿನ ಆ ನೆಲದಲ್ಲಿ ಸತ್ತವರ ಎಣಿಕೆಯೇ ಕಷ್ಟವಾಗಿತ್ತು. ಅಲ್ಲಿ ಒಂದರ ಎದುರು ಒಂದು ಎರಡು ಗುಡ್ಡಗಳಿವೆ. ಮೊದಲ ಗುಡ್ಡ ಸಂತ್ ಎಲಿಯಾ. 1923ರಲ್ಲಿ ಅಲ್ಲಿ ಸುಮಾರು 30 ಸಾವಿರ ಸೈನಿಕರ ಸ್ಮಶಾನ ತೆರೆಯಿತು. ಯುದ್ಧಭೂಮಿಯಲ್ಲಿ ಹೆಕ್ಕಿದ ಸಾಮಾನುಗಳಿಂದಲೇ ಗೋರಿಗಳನ್ನು ಅಲಂಕರಿಸಿದ್ದರು: ಮುಳ್ಳುತಂತಿ, ಗುಂಡಿನ ಕವಚ, ನೀರಿನ ಡಬ್ಬಿ, ಊಟದ ತಟ್ಟೆ, ಮುರಿದ ಸಲಿಕೆ. ಅಡುಗೆಯವನ ಗೋರಿ ಬೇರೆ, ತಂತಿ ಹಾಕುವವನದು ಬೇರೆ, ಹೇಸರಗತ್ತೆ ಹೊಡೆಯುವವನದು ಬೇರೆ. ಜೊತೆಗೆ ಸಣ್ಣ ಸಣ್ಣ ಪದ್ಯಗಳು. ಕೆಲವು ತೀರಾ ಮನೆಮಾತಿನವು. ಗೊಂದಲದ, ಗಾಯದ, ಮನುಷ್ಯರ ಸ್ಮಶಾನ ಅದು. ಆ ಗೋರಿಗಳ ನಡುವೆ ಓಡಾಡಿದ ತಾಯಿಗೆ ತನ್ನ ಮಗ ಇಲ್ಲಿ ಸತ್ತ ಎಂಬುದು ತಿಳಿಯುತ್ತಿತ್ತು.

ಆಡಳಿತಕ್ಕೆ ಅದು ಒಗ್ಗಲಿಲ್ಲ. ಎದುರು ಗುಡ್ಡದ ಇಡೀ ಇಳಿಜಾರನ್ನು ಕಡಿದು, 22 ಬೃಹತ್ ಮೆಟ್ಟಿಲುಗಳ ಹೊಸ ಸ್ಮಾರಕ ಕಟ್ಟಿಸಿದರು. ಜೊವಾನ್ನಿ ಗ್ರೆಪ್ಪಿ ವಾಸ್ತುಶಿಲ್ಪಿ, ಜಾನ್ನಿನೊ ಕಾಸ್ತಿಲ್ಯೊನಿ ಶಿಲ್ಪಿ. 1938ರ ಸೆಪ್ಟೆಂಬರ್‌ನಲ್ಲಿ ಮುಸೊಲಿನಿ ಉದ್ಘಾಟಿಸಿದ. 1,00,187 ಸೈನಿಕರ ಅಸ್ಥಿ ಅಲ್ಲಿದೆ. ಗುರುತು ಸಿಕ್ಕ 39,857 ಮಂದಿ ಹೆಸರಿನ ಅಕ್ಷರಾನುಕ್ರಮದಲ್ಲಿ ಮೆಟ್ಟಿಲುಗಳೊಳಗೆ. ಗುರುತಿಲ್ಲದ 60,330 ಮಂದಿ ಮೇಲೆ, ಒಟ್ಟಾಗಿ. ಮುಂದೆ ಅವರ ದಂಡನಾಯಕ ಔಸ್ತಾ ಡ್ಯೂಕ್‌ನ ದೊಡ್ಡ ಏಕಶಿಲಾ ಸಮಾಧಿ. ಕೆಳಗೆ ನಿಂತು ತಲೆಯೆತ್ತಿದರೆ ಒಂದು ಸೈನ್ಯವೇ ಗುಡ್ಡ ಇಳಿದು ನಾಯಕನ ಹಿಂದೆ ಸಾಲುಗಟ್ಟಿ ನಿಂತಂತೆ. ಪ್ರತಿ ಮೆಟ್ಟಿಲಿನ ಅಂಚಿನ ಉದ್ದಕ್ಕೂ ಮತ್ತೆ ಮತ್ತೆ ಕೆತ್ತಿದ ಅದೇ ಪದ: ಪ್ರೆಸೆಂತೆ, ಪ್ರೆಸೆಂತೆ, ಪ್ರೆಸೆಂತೆ.

ಕರ್ನಾಟಕದ ಊರಂಚಿನ ವೀರಗಲ್ಲುಗಳನ್ನು ಬಲ್ಲವರಿಗೆ ಈ ಬದಲಾವಣೆ ಬೇಗ ತಿಳಿಯುತ್ತದೆ. ತುರು ಕಾಯುವಾಗ ಸತ್ತವನೊಬ್ಬನ ಕಲ್ಲು ಅವನ ಊರನ್ನು, ಅವನು ಹೋರಾಡಿದ ಕಾರಣವನ್ನು ಎಷ್ಟೋ ಸಲ ಹೇಳುತ್ತದೆ. ರೆದಿಪುಲ್ಯಾದ ಮೆಟ್ಟಿಲು ಯಾಕೆ ಸತ್ತರು ಎಂದು ಹೇಳುವುದಿಲ್ಲ. ಕದನ ಗೆಲ್ಲಲಾಗದ ಸೇನಾಪತಿ ಲೂಯಿಜಿ ಕಾದೋರ್ನಾ ಸೈನಿಕರನ್ನು ಅದೇ ಗುಡ್ಡಗಳಿಗೆ ಮತ್ತೆ ಮತ್ತೆ ಅಟ್ಟಿದ್ದು ಅಲ್ಲಿ ಇಲ್ಲ. ಯುದ್ಧಕಾಲದಲ್ಲಿ ಇಟಲಿಯ ಸೇನಾ ನ್ಯಾಯಾಲಯಗಳ ತೀರ್ಪಿನಂತೆ ಗುಂಡಿಗೆ ಬಲಿಯಾದ ಅದರದೇ ಸುಮಾರು 750 ಸೈನಿಕರೂ ಅಲ್ಲಿ ಲೆಕ್ಕಕ್ಕಿಲ್ಲ. ಊಟದ ತಟ್ಟೆ ಇಲ್ಲ, ಹೇಸರಗತ್ತೆಯಿಲ್ಲ. ಅಮ್ಮನನ್ನು ನೆನೆದು ಅತ್ತ ಹುಡುಗ, ಓಡಿಹೋಗಲು ನೋಡಿದ ಹುಡುಗ, ಯುದ್ಧವನ್ನೇ ಶಪಿಸಿದ ಹುಡುಗ, ಎಲ್ಲರ ಬಾಯಲ್ಲೂ ಈಗ ಒಂದೇ ಪದ. ಅದನ್ನು ಅವರು ಹೇಳಿದ್ದಲ್ಲ, ಅವರಿಂದ ಹೇಳಿಸಿದ್ದು. ಅದೇ ಪ್ರವಾಸದಲ್ಲಿ, ಸೆಪ್ಟೆಂಬರ್ 18ರಂದು, ಅಲ್ಲಿಗೆ ಹತ್ತಿರದ ತ್ರಿಯೆಸ್ತೆ ನಗರದ ಚೌಕದಲ್ಲಿ ಮುಸೊಲಿನಿ ಯಹೂದಿಗಳ ವಿರುದ್ಧದ ಜನಾಂಗ ನೀತಿಯನ್ನು ಸಾರಿದ. ಇಟಲಿಗಾಗಿ ಆ ಯುದ್ಧದಲ್ಲಿ ಹೋರಾಡಿದವರಲ್ಲಿ ಯಹೂದಿಗಳೂ ಇದ್ದರು.

ಹಾಗಾಗಿ ಯಾವುದೇ ಸ್ಮಾರಕದ ಮುಂದೆ ನಿಂತಾಗ ಅಲ್ಲಿ ಏನಿದೆ ಎನ್ನುವುದಕ್ಕಿಂತ ಏನನ್ನು ತೆಗೆದರು ಎಂದು ಹುಡುಕುವ ಅಭ್ಯಾಸ ನನ್ನದು. ಇಟಲಿಯಲ್ಲಿ ಅದನ್ನು ಹುಡುಕುವುದು ಸುಲಭ, ಏಕೆಂದರೆ ತೆಗೆದದ್ದು ಕೆಲವೆಡೆ ಇಡೀ ಬಡಾವಣೆ. ರೋಮ್‌ನ ವೆನಿಸ್ ಚೌಕದಿಂದ ಕಲೋಸಿಯಂವರೆಗೆ ನೇರ ರಸ್ತೆ ಎಳೆಯಲು ವೇಲಿಯಾ ಎಂಬ ದಿಬ್ಬವನ್ನು ಕಡಿದರು, ಕಿಕ್ಕಿರಿದ ಹಳೇ ಕೇರಿಗಳನ್ನು ಕೆಡವಿದರು, ಸಾವಿರಾರು ಬಡವರನ್ನು ಊರಾಚೆಯ ಹೊಸ ವಸತಿಗಳಿಗೆ ಸಾಗಿಸಿದರು. 'ಸಾಮ್ರಾಜ್ಯದ ರಸ್ತೆ' ಎಂಬ ಹೆಸರಿನಲ್ಲಿ ಅದು ಉದ್ಘಾಟನೆಯಾದದ್ದೂ 1932ರ ಅಕ್ಟೋಬರ್ 28ಕ್ಕೇ. ಎರಡು ವರ್ಷದ ಮೇಲೆ ಅದರ ಪಕ್ಕದ ಗೋಡೆಗೆ ಪುರಾತನ ರೋಮ್ ಬೆಳೆದ ಪರಿ ತೋರಿಸುವ ನಾಲ್ಕು ಅಮೃತಶಿಲೆಯ ನಕ್ಷೆ ಹಾಕಿದರು: ಮೊದಲು ಒಂದು ಚುಕ್ಕಿ, ಕೊನೆಗೆ ಮೂರು ಖಂಡ. 1936ರಲ್ಲಿ ಇಥಿಯೋಪಿಯಾ ಗೆದ್ದ ಮೇಲೆ ಐದನೇ ನಕ್ಷೆ ಬಂತು, ಮುಸೊಲಿನಿಯ ಸಾಮ್ರಾಜ್ಯದ್ದು. ನಾಲ್ಕು ಸತ್ಯಗಳ ಸಾಲಿನಲ್ಲಿ ಐದನೆಯದಾಗಿ ಒಂದು ಆಸೆಯನ್ನು ನಿಲ್ಲಿಸಿದರೆ ಅದೂ ಸತ್ಯದ ಹಾಗೆ ಕಾಣುತ್ತದೆ. ಚಕ್ರವರ್ತಿ ಅಗಸ್ಟಸ್ ಹುಟ್ಟಿ ಎರಡು ಸಾವಿರ ವರ್ಷವಾಯಿತೆಂದು 1937ರಲ್ಲಿ ನಡೆಸಿದ ದೊಡ್ಡ ಪ್ರದರ್ಶನವೂ ಇದೇ ಕೆಲಸ ಮಾಡಿತು. ಮರುವರ್ಷ ಹಿಟ್ಲರ್ ಬಂದಾಗ ಅದನ್ನು ಎರಡು ಸಲ ನೋಡಿದ. ಐದನೇ ನಕ್ಷೆ ಎರಡನೇ ಮಹಾಯುದ್ಧದ ನಂತರ ಇಳಿಯಿತು. ಉಳಿದ ನಾಲ್ಕು ಗೋಡೆಯ ಮೇಲೆ ಉಳಿದವು.

ಏಳದೆ ಕುಳಿತವರು

ನೆನಪಿನ ಹಬ್ಬಗಳು ಎಲ್ಲ ದೇಶಗಳಲ್ಲೂ ಇವೆ, ಇರಬೇಕು ಕೂಡ. ಫ್ಯಾಸಿಸ್ಟ್ ಆಚರಣೆಯನ್ನು ಬೇರೆ ಮಾಡುವ ಗುರುತು ಯಾವುದು ಎಂದರೆ, ಎಲ್ಲರೂ ಎದ್ದು ನಿಂತಾಗ ಕುಳಿತೇ ಇದ್ದವನಿಗೆ ಏನಾಗುತ್ತದೆ ಎಂದು ನೋಡಬೇಕು. 1931ರ ಮೇ 14ರಂದು ಬೊಲೋನ್ಯಾ ನಗರದಲ್ಲಿ, ಜಗದ್ವಿಖ್ಯಾತ ಸಂಗೀತ ನಿರ್ದೇಶಕ ಆರ್ತುರೊ ತೊಸ್ಕಾನಿನಿಯ ಕಛೇರಿ ಗೊತ್ತಾಗಿತ್ತು. ತೀರಿಕೊಂಡ ಸಂಗೀತಗಾರ ಜುಸೆಪ್ಪೆ ಮಾರ್ತುಚ್ಚಿಯ ನೆನಪಿಗೆ ಏರ್ಪಟ್ಟ ಕಛೇರಿ. ಮಂತ್ರಿಗಳು ಬರುತ್ತಾರೆ, ಮೊದಲು ಪಾರ್ಟಿಯ ಹಾಡು ನುಡಿಸಬೇಕು ಎಂಬ ಒತ್ತಾಯ ಬಂತು. ಒಬ್ಬ ಸಂಗೀತಗಾರನ ನೆನಪಿನ ದಿನ ಆ ಹಾಡಿಗೆ ಜಾಗವಿಲ್ಲ ಎಂದು ತೊಸ್ಕಾನಿನಿ ಒಪ್ಪಲಿಲ್ಲ. ರಂಗಮಂದಿರದ ಬಾಗಿಲಲ್ಲಿ ಕರಿಯಂಗಿಯವರು 64 ವರ್ಷದ ಆ ಮನುಷ್ಯನ ಮುಖಕ್ಕೆ ಹೊಡೆದರು. ಕಛೇರಿ ನಡೆಯಲಿಲ್ಲ. ಫ್ಯಾಸಿಸಂ ಇರುವಷ್ಟು ದಿನ ಅವನು ಇಟಲಿಯಲ್ಲಿ ಮತ್ತೆ ವಾದ್ಯಗೋಷ್ಠಿ ನಡೆಸಲಿಲ್ಲ. ಒಬ್ಬ ಸತ್ತ ಸಂಗೀತಗಾರನನ್ನು ಅವನ ಪಾಡಿಗೆ ನೆನೆಯುವುದಕ್ಕೂ ಅಲ್ಲಿ ಅವಕಾಶವಿರಲಿಲ್ಲ.

ಕೆಲವರನ್ನಂತೂ ನೆನೆಯುವಂತೆಯೇ ಇರಲಿಲ್ಲ. ಸಮಾಜವಾದಿ ಸಂಸದ ಜಾಕೊಮೊ ಮತ್ತೆಯೊತ್ತಿ 1924ರ ಮೇ 30ರಂದು ಸಂಸತ್ತಿನಲ್ಲಿ ನಿಂತು, ಚುನಾವಣೆಯಲ್ಲಿ ಫ್ಯಾಸಿಸ್ಟರು ನಡೆಸಿದ ಹಿಂಸೆಯನ್ನು ಒಂದೊಂದಾಗಿ ಬಿಚ್ಚಿಟ್ಟ. ಜೂನ್ 10ರಂದು ಟೈಬರ್ ನದಿಯ ದಂಡೆಯ ರಸ್ತೆಯಲ್ಲಿ ಅವನನ್ನು ಕಾರಿಗೆ ಎಳೆದುಕೊಂಡು ಹೋಗಿ ಕೊಂದರು. ಶವ ಸಿಕ್ಕಿದ್ದು ಆಗಸ್ಟ್ 16ಕ್ಕೆ. ಜನ ಅವನನ್ನು ಹಿಡಿದೊಯ್ದ ಜಾಗದಲ್ಲಿ ಹೂವಿಡತೊಡಗಿದರು, ಪೊಲೀಸರು ತೆಗೆಸತೊಡಗಿದರು. ಶವವನ್ನು ಹುಟ್ಟೂರಿಗೆ ಸಾಗಿಸುವ ರೈಲಿನಲ್ಲಿ ಒಬ್ಬನೇ ಒಬ್ಬ ಕರಿಯಂಗಿಯವನೂ ಇರಕೂಡದು ಎಂದು ಹೆಂಡತಿ ವೇಲಿಯಾ ಸರ್ಕಾರಕ್ಕೆ ಪತ್ರ ಬರೆದು ಕೇಳಿಕೊಂಡಳು. ಗಂಡನ ಹೆಣಕ್ಕೆ ಕೊಂದವರ ಸೆಲ್ಯೂಟ್ ಬೀಳಬಾರದು ಎಂಬ ಆ ಹೆಣ್ಣುಮಗಳ ಹಟ, ಈ ಇಡೀ ಕಾಲದ ಬಗ್ಗೆ ನಾನು ಓದಿದ್ದರಲ್ಲಿ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತದ್ದು.

ಜರ್ಮನಿ ಇದನ್ನೆಲ್ಲ ಹತ್ತಿರದಿಂದ ನೋಡಿ ಕಲಿಯಿತು. 1923ರ ನವೆಂಬರ್ 8ರ ರಾತ್ರಿ ಮ್ಯೂನಿಕ್‌ನಲ್ಲಿ ಹಿಟ್ಲರ್ ಶುರುಮಾಡಿದ ದಂಗೆ ಮರುದಿನವೇ ಮುರಿದುಬಿತ್ತು. ಅದರಲ್ಲಿ ಸತ್ತ 16 ಮಂದಿಯನ್ನು ನಾಜಿಗಳು ಹುತಾತ್ಮರೆಂದರು. ದಂಗೆ ತಡೆಯಲು ಹೋಗಿ ಸತ್ತ 4 ಪೊಲೀಸರ ಹೆಸರು ಎಲ್ಲೂ ಬರಲಿಲ್ಲ. 1935ರಲ್ಲಿ ಆ 16 ಮಂದಿಯ ಶವಗಳನ್ನು ಲೋಹದ ಪೆಟ್ಟಿಗೆಗಳಲ್ಲಿಟ್ಟು ಎರಡು ಗುಡಿ ಕಟ್ಟಿ, ಒಬ್ಬೊಬ್ಬರ ಹೆಸರು ಕರೆದು, ಗುಂಪಿನಿಂದ 'ಇಲ್ಲಿದ್ದೇನೆ' ಅನ್ನಿಸಿದರು. ಅದೇ ಹಾಜರಿ. ಅವರು ಬಿದ್ದ ಜಾಗದ ಸ್ಮಾರಕದ ಮುಂದೆ ಹಾದುಹೋಗುವ ಪ್ರತಿಯೊಬ್ಬನೂ ಕೈ ಮುಂಚಾಚಿ ಸೆಲ್ಯೂಟ್ ಹೊಡೆಯಬೇಕಿತ್ತು. ಅದನ್ನು ಮಾಡಲೊಲ್ಲದವರು ಹಿಂದಿನ ವಿಸ್ಕಾರ್ಡಿ ಎಂಬ ಓಣಿಯಲ್ಲಿ ಬಳಸಿಕೊಂಡು ಹೋಗುತ್ತಿದ್ದರು. ತಪ್ಪಿಸಿಕೊಳ್ಳುವವರ ಓಣಿ ಎಂದೇ ಅದಕ್ಕೆ ಹೆಸರು ಬಿತ್ತು. ಇಂದು ಆ ಓಣಿಯ ಕಲ್ಲುಹಾಸಿನಲ್ಲಿ, ಅವರು ನಡೆದ ದಾರಿಯನ್ನು ತೋರಿಸುವ ಒಂದು ಸಣ್ಣ ಕಂಚಿನ ಗೆರೆಯಿದೆ. ಕಾಲಿನ ಕೆಳಗೆ ನೋಡಿದವರಿಗೆ ಮಾತ್ರ ಕಾಣುತ್ತದೆ.

ಅತಿಥಿಗಳನ್ನು ಬಳಸಿಕೊಳ್ಳುವುದು ಈ ಯಂತ್ರದ ಇನ್ನೊಂದು ಹಲ್ಲು. ರವೀಂದ್ರನಾಥ ಟ್ಯಾಗೋರರ ವಿಶ್ವಭಾರತಿಗೆ ಮುಸೊಲಿನಿ ಪುಸ್ತಕಗಳನ್ನೂ ವಿದ್ವಾಂಸರನ್ನೂ ಕಳಿಸಿಕೊಟ್ಟ. 1926ರಲ್ಲಿ ಕವಿ ಅವನ ಅತಿಥಿಯಾಗಿ ಇಟಲಿಗೆ ಹೋದರು. ಇಟಲಿಯ ಪತ್ರಿಕೆಗಳು ಅವರ ಸೌಜನ್ಯದ ಮಾತುಗಳನ್ನೆಲ್ಲ ಫ್ಯಾಸಿಸಂಗೆ ಕೊಟ್ಟ ಆಶೀರ್ವಾದವೆಂದು ಅಚ್ಚು ಹಾಕಿದವು. ಅಲ್ಲಿಂದ ಹೊರಬಂದು ಫ್ರೆಂಚ್ ಲೇಖಕ ರೊಮೇನ್ ರೋಲಾ ಮತ್ತು ಇಟಲಿಯ ದೇಶಭ್ರಷ್ಟರನ್ನು ಕಂಡ ಮೇಲೆ ಟ್ಯಾಗೋರರಿಗೆ ನಡೆದದ್ದೇನೆಂದು ತಿಳಿಯಿತು. ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಯಲ್ಲಿ ಫ್ಯಾಸಿಸಂ ಅನ್ನು ಖಂಡಿಸಿದ ಅವರ ಪತ್ರ ಪ್ರಕಟವಾಯಿತು. ಹತ್ತು ವರ್ಷದ ನಂತರ ಜವಾಹರಲಾಲ್ ನೆಹರೂ ಈ ಬಲೆಗೆ ಬೀಳಲಿಲ್ಲ. 1936ರ ಫೆಬ್ರವರಿ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹೆಂಡತಿ ಕಮಲಾ ತೀರಿಕೊಂಡು, ಅವರು ವಿಮಾನದಲ್ಲಿ ರೋಮ್ ಮೂಲಕ ಭಾರತಕ್ಕೆ ವಾಪಸಾಗುತ್ತಿದ್ದರು. ಮುಸೊಲಿನಿ ಖುದ್ದಾಗಿ ಸಂತಾಪ ಹೇಳಲು ಬಯಸಿದ್ದಾನೆ, ಬರಲೇಬೇಕು ಎಂದು ಅಧಿಕಾರಿ ಬಹಳ ಹೊತ್ತು ಪಟ್ಟು ಹಿಡಿದ. ಇಥಿಯೋಪಿಯಾ ಯುದ್ಧ ನಡೆಯುತ್ತಿತ್ತು. ಈ ಭೇಟಿ ಪ್ರಚಾರಕ್ಕೆ ಬಳಕೆಯಾಗುತ್ತದೆ ಎಂದು ತಿಳಿದ ನೆಹರೂ ಹೋಗಲಿಲ್ಲ. ಹೆಂಡತಿ ಸತ್ತು ಕೆಲವೇ ದಿನಗಳಾಗಿದ್ದವು. ಆ ದುಃಖವನ್ನು ಅವರು ಇನ್ನೊಬ್ಬರ ಫೋಟೊಕ್ಕೆ ಕೊಡಲಿಲ್ಲ.

ಉಂಗುರದ ಚಿನ್ನ ಸೇರಿದ ಯುದ್ಧದ ಇನ್ನೊಂದು ತುದಿಗೆ ಬರೋಣ. ಇಥಿಯೋಪಿಯಾದಲ್ಲಿ ಇಟಲಿ ವಿಷಾನಿಲ ಸುರಿಯಿತು. ಅದನ್ನು ಇಟಲಿಯ ರಕ್ಷಣಾ ಇಲಾಖೆ ಒಪ್ಪಿಕೊಂಡದ್ದು 1996ರಲ್ಲಿ. 1937ರ ಫೆಬ್ರವರಿ 19ರಂದು ಅಡಿಸ್ ಅಬಾಬದಲ್ಲಿ ಇಟಲಿಯ ಅಧಿಪತಿ ರೊದೊಲ್ಫೊ ಗ್ರಾತ್ಸಿಯಾನಿಯ ಮೇಲೆ ಬಾಂಬೆಸೆದದ್ದಕ್ಕೆ ಪ್ರತೀಕಾರವೆಂದು ಮೂರು ದಿನ ಸಾವಿರಾರು ಜನರನ್ನು ಕೊಂದರು. ಅದೇ ವರ್ಷ ಅಕ್ಸೂಮ್ ಊರಿನಿಂದ ಸುಮಾರು 1,600 ವರ್ಷ ಹಳೆಯ, 24 ಮೀಟರ್ ಎತ್ತರದ ಕಲ್ಲಿನ ಕಂಬವನ್ನು ತುಂಡುಗಳಾಗಿ ಹಡಗಿಗೇರಿಸಿ ತಂದು, ವಸಾಹತು ಇಲಾಖೆಯ ಕಟ್ಟಡದ ಮುಂದೆ ನಿಲ್ಲಿಸಿದರು. ಉದ್ಘಾಟನೆ ಮತ್ತೆ ಅಕ್ಟೋಬರ್ 28ಕ್ಕೆ. ಅಕ್ಸೂಮ್‌ನವರ ಹಿರಿಯರ ಗುರುತು ರೋಮ್‌ನವರ ಗೆಲುವಿನ ಗುರುತಾಯಿತು. 1947ರ ಶಾಂತಿ ಒಪ್ಪಂದದಲ್ಲಿ ವಾಪಸ್ ಕೊಡಬೇಕೆಂದು ಬರೆದದ್ದು ಅರ್ಧ ಶತಮಾನ ಕಾಗದದಲ್ಲೇ ಉಳಿಯಿತು. ಮುಂದೆ, 2012ರಲ್ಲಿ, ಇಟಲಿಯ ಅಫಿಲೆ ಎಂಬ ಊರಿನಲ್ಲಿ ಸಾರ್ವಜನಿಕ ಹಣದಿಂದ ಗ್ರಾತ್ಸಿಯಾನಿಗೇ ಒಂದು ಸ್ಮಾರಕ ಎದ್ದಿತು. ಪ್ರತಿಭಟನೆಯಾಯಿತು, ಮೊಕದ್ದಮೆ ನಡೆಯಿತು. ಇಥಿಯೋಪಿಯಾದವರು ಮಾತ್ರ ತಮ್ಮ ಪಂಚಾಂಗದ ಯೆಕಾಟಿಟ್ 12ನ್ನು, ಆ ಫೆಬ್ರವರಿ 19ನ್ನು, ಪ್ರತಿ ವರ್ಷ ನೆನೆಯುತ್ತಾ ಬಂದಿದ್ದಾರೆ.

1960ರ ಸೆಪ್ಟೆಂಬರ್ 10ರ ರಾತ್ರಿ ರೋಮ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಟ ಆ ಕಂಬದ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಇಥಿಯೋಪಿಯಾದ ದೊರೆಯ ಕಾವಲುಪಡೆಯ ಸೈನಿಕ ಅಬೆಬೆ ಬಿಕಿಲಾ ಬರಿಗಾಲಲ್ಲಿ ಓಡುತ್ತಿದ್ದ. ಓಟ ಮುಗಿಯುತ್ತಾ ಬಂದಿತ್ತು; ಜೊತೆಗೆ ಉಳಿದಿದ್ದವನು ಮೊರಾಕೊದ ಓಟಗಾರನೊಬ್ಬನೇ. ತನ್ನ ನಾಡಿನ ಕಲ್ಲು ನಿಂತ ಜಾಗ ಹತ್ತಿರವಾದಾಗ ಬಿಕಿಲಾ ವೇಗ ಹೆಚ್ಚಿಸಿದ. 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ, ಪಂಜುಗಳ ಬೆಳಕಿನಲ್ಲಿ, ಕಾನ್‌ಸ್ಟಂಟೈನ್ ಕಮಾನಿನ ಕೆಳಗೆ ಗುರಿ ಮುಟ್ಟಿದ. ಕಂಬ 2005ರಲ್ಲಿ ಮೂರು ತುಂಡುಗಳಾಗಿ ವಿಮಾನದಲ್ಲಿ ಊರಿಗೆ ಮರಳಿತು, 2008ರಲ್ಲಿ ಅಕ್ಸೂಮ್‌ನಲ್ಲಿ ಮತ್ತೆ ಎದ್ದು ನಿಂತಿತು.